69ನೇ ಕೀರ್ತನೆಯ 5ನೇ ವಚನ ಯೇಸುವಿನ ಮಾತೇ? – ಪ್ರತಿಕ್ರಿಯೆ
ಬೈಬಲಿನ 69ನೇ ಕೀರ್ತನೆಯನ್ನು ಕ್ರಿಸ್ತನ ಮಾತೆಂದೇ ಓದುತ್ತಾ ಬಂದು, 5ನೇ ವಚನದಲ್ಲಿ ಪಾಪದ ಅರಿಕೆ ಎದುರಾದಾಗ ನಿಂತುಬಿಟ್ಟಿದ್ದೀರಿ. ಪ್ರತಿ ವಚನವನ್ನೂ ನೇರವಾಗಿ ಯೇಸುವಿನ ಬಾಯಲ್ಲಿಡಲು ಹೊರಟದ್ದೇ ಬಹುಶಃ ತೊಡಕಿಗೆ ಕಾರಣ.

ಮೊದಲು ಇಡೀ ಕೀರ್ತನೆಯನ್ನು, ಅದನ್ನು ಬರೆದನೆನ್ನಲಾಗುವ ಅರಸ ದಾವೀದನ ಮೊರೆಯಾಗಿಯೇ ಗಟ್ಟಿಯಾಗಿ ಓದಿ: ಆ ಕೆಸರು, ಪ್ರವಾಹ, ಕೂಗಿ ಒಣಗಿದ ಗಂಟಲು ಎಲ್ಲವನ್ನೂ. ಈ ಹಂತ ಬಿಟ್ಟರೆ ಮುಂದಿನದು ಬರೀ ಸುಳಿವು ಹುಡುಕುವ ಕೆಲಸವಾಗುತ್ತದೆ. ಆಮೇಲೆ ಹೊಸ ಒಡಂಬಡಿಕೆಯೇ ಎತ್ತಿಕೊಂಡ ವಚನಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಕೀರ್ತನೆಯ 4ನೇ ವಚನಕ್ಕೆ ಯೋಹಾನ 15:25. 9ಕ್ಕೆ ಯೋಹಾನ 2:17, ರೋಮಾಪುರದವರಿಗೆ 15:3. 25ಕ್ಕೆ ಅಪೊಸ್ತಲರ ಕೃತ್ಯಗಳು 1:20. ಇದು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕುರಿತದ್ದು, ಕ್ರಿಸ್ತನ ಕುರಿತಲ್ಲ, ಗಮನಿಸಿ. 21ರ ಹುಳಿರಸವನ್ನು ಯೋಹಾನ 19:28–30ರ ಪಕ್ಕದಲ್ಲಿಟ್ಟು ನಿಧಾನವಾಗಿ ಓದಿ. ಒಂದು ದಿನದ ಧ್ಯಾನಕ್ಕೆ ಅದೊಂದೇ ಸಾಕು.

5ನ್ನು ಹೊಸ ಒಡಂಬಡಿಕೆ ಎಲ್ಲೂ ಯೇಸುವಿಗೆ ಅನ್ವಯಿಸಿಲ್ಲ. ಇಬ್ರಿಯರಿಗೆ 4:15 ಆತನನ್ನು ಪಾಪರಹಿತನೆನ್ನುತ್ತದೆ. ಇಲ್ಲಿ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಶಿರಸ್ಸಾದ ಕ್ರಿಸ್ತನು ತನ್ನ ದೇಹವಾದ ಸಭೆಯ ಪರವಾಗಿ ಮಾತಾಡುತ್ತಾನೆ ಎಂಬುದು ಪ್ರಾಚೀನ ಸಭೆಯ ಗುರು ಅಗಸ್ಟೀನನ ಓದು. ದಾವೀದನ ಮಾತು ಮಾತ್ರ ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಆ ವಚನವನ್ನು ನಿಮ್ಮ ಸ್ವಂತ ಅರಿಕೆಯಾಗಿ ಪ್ರಾರ್ಥಿಸಿ, ನಂತರ 9ಕ್ಕೆ ಹೋಗಿ.