ತೀರ್ಥಹಳ್ಳಿಯಿಂದ ಪುಣೆಗೆ ಮನೆ ಬದಲಾಯಿಸುವಾಗ ಬೆಕ್ಕುಗಳನ್ನು ಹೇಗೆ ಕರೆದುಕೊಂಡು ಹೋಗುವುದು?

ತೋಟದ ಮನೆಯಲ್ಲಿ ಬೆಳೆದ ಎರಡು ಬೆಕ್ಕು, ಒಂದು ಗಂಡು, ಒಂದು ಹೆಣ್ಣು. ಹೋಗಬೇಕಾಗಿರುವುದು ಪುಣೆಯ ಮೂರನೇ ಮಹಡಿಯ ಫ್ಲ್ಯಾಟಿಗೆ, ಕಾರಿನಲ್ಲಿ. ಅದೂ ಮೇ ತಿಂಗಳಲ್ಲಿ. ‘ಬೆಕ್ಕು ಮನೆ ಬಿಟ್ಟು ಬರೋದಿಲ್ಲ, ಪಕ್ಕದ ಮನೆಯವರು ಹಾಲು ಹಾಕ್ತಾರೆ, ಇಲ್ಲೇ ಬಿಡಿ’ ಅಂತ ನಿಮ್ಮ ಅತ್ತೆ ಹೇಳಿದ್ದಾರೆ ಅಂತ ಬರೆದಿದ್ದೀರಿ.

ದಯವಿಟ್ಟು ಬಿಟ್ಟು ಹೋಗಬೇಡಿ. ಬೀಗ ಹಾಕಿದ ಮನೆಯ ಜಗುಲಿಯಲ್ಲಿ ಬೆಕ್ಕು ಕಾಯುತ್ತಾ ಕೂರುತ್ತದೆ. ಪಕ್ಕದ ಮನೆಯ ಹಾಲು ನಾಲ್ಕು ದಿನ ಬರಬಹುದು, ಆಮೇಲೆ ಕಾಡುಬೆಕ್ಕು, ನಾಯಿ, ಚಿರತೆ ಎಲ್ಲಾ ಇರುವ ಊರು ನಮ್ಮದು. ಅತ್ತೆಯವರ ಮಾತಿನಲ್ಲಿ ನಿಜವೂ ಇದೆ, ಬೆಕ್ಕು ಜಾಗಕ್ಕೆ ಅಂಟಿಕೊಳ್ಳುತ್ತದೆ. ಆದರೆ ಹೊಸ ಜಾಗಕ್ಕೆ ಒಗ್ಗದ ಪ್ರಾಣಿಯೇನೂ ಅಲ್ಲ. ನಾವು ಹೊಸನಗರದ ಕಡೆಯಿಂದ ಬೆಳಗಾವಿಗೆ ಬಂದಾಗ ನಮ್ಮ ಬೆಕ್ಕು ಪುಟ್ಟಿಯೂ ಜೊತೆಗೆ ಬಂದಳು. ಆ ಅನುಭವದ ಮೇಲೆ ಹೇಳುತ್ತಿದ್ದೇನೆ: ನೀವು ಹೆದರುತ್ತಿರುವ ಕಾರಿನ ಪ್ರಯಾಣಕ್ಕಿಂತ ಲಾರಿಗೆ ಸಾಮಾನು ತುಂಬುವ ದಿನ ಮತ್ತು ಹೊಸ ಮನೆಯ ಮೊದಲ ತಿಂಗಳು ಜಾಸ್ತಿ ಅಪಾಯ. ಬೆಕ್ಕು ಕಳೆದುಹೋಗುವುದು ಆಗಲೇ.

ಲಾರಿಯ ದಿನ ಹೇಗಿರುತ್ತದೆ ಯೋಚಿಸಿ. ಎಲ್ಲಾ ಬಾಗಿಲೂ ತೆರೆದಿರುತ್ತವೆ. ಗುರುತಿಲ್ಲದವರು ಬೀರು ಎಳೆಯುತ್ತಾರೆ, ಪಾತ್ರೆ ಬೀಳುತ್ತದೆ. ಬೆಕ್ಕು ಅಟ್ಟ ಹತ್ತಿದರೆ ಹೇಗೋ ಇಳಿಸಬಹುದು, ಅಡಿಕೆ ತೋಟಕ್ಕೆ ಇಳಿದರೆ ಸಂಜೆಯವರೆಗೂ ಸಿಗುವುದಿಲ್ಲ. ಅದಕ್ಕೆ ಹಿಂದಿನ ರಾತ್ರಿ ಊಟ ಹಾಕಿ, ಎರಡನ್ನೂ ಬಚ್ಚಲುಮನೆಯಲ್ಲಿ ಕೂಡಿಬಿಡಿ. ಹಳೇ ಮನೆಗಳ ಬಚ್ಚಲು ಬೆಕ್ಕಿಗೆ ಇಷ್ಟದ ಜಾಗ, ಒಲೆ ಆರಿದ ಮೇಲೂ ಬೂದಿ ಬೆಚ್ಚಗಿರುತ್ತದೆ. ಪುಟ್ಟಿ ದಿನಾ ಆ ಬೂದಿಯಲ್ಲಿ ಮಲಗಿ ಬೆಳಿಗ್ಗೆ ಬೂದು ಬಣ್ಣದ ಮೂತಿ ಹೊತ್ತು ಬರುತ್ತಿದ್ದಳು. ಹೊಗೆ ಹೋಗುವ ಕಿಂಡಿ, ಹೆಂಚಿನ ಸಂದು ಮಾತ್ರ ಮುಚ್ಚಿ. ಬಾಗಿಲಿಗೆ ‘ತೆಗೆಯಬೇಡಿ’ ಅಂತ ಚೀಟಿ ಅಂಟಿಸಿ, ಸಾಧ್ಯವಾದರೆ ಬೀಗವನ್ನೇ ಹಾಕಿ. ಕಾರು ಹೊರಡುವ ಮೊದಲು ಆ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡು ಬೆಕ್ಕುಗಳನ್ನು ಬುಟ್ಟಿಗೆ ಹಾಕಿ.

ಬುಟ್ಟಿ ಅಂದೆ, ಆದರೆ ಬಿದಿರಿನ ಬುಟ್ಟಿಗೆ ಹಗ್ಗ ಕಟ್ಟುವುದು, ಗೋಣಿಚೀಲಕ್ಕೆ ತುಂಬುವುದು ಬೇಡವೇ ಬೇಡ. ಗೋಣಿಯೊಳಗೆ ಸೆಖೆಗೆ ಉಸಿರು ಕಟ್ಟುತ್ತದೆ. ಬೆಕ್ಕನ್ನು ಒಯ್ಯಲೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಅಂದರೆ ಕ್ಯಾರಿಯರ್ ತನ್ನಿ, ಮೇಲಿನಿಂದಲೂ ಬಾಗಿಲು ಇರುವಂಥದ್ದಾದರೆ ಒಳ್ಳೆಯದು. ಎರಡು ಬೆಕ್ಕಿಗೆ ಎರಡು. ಎಷ್ಟೇ ಹೊಂದಿಕೊಂಡಿದ್ದರೂ ಹೆದರಿದಾಗ ಒಂದನ್ನೊಂದು ಪರಚಿಕೊಳ್ಳುತ್ತವೆ. ಇವತ್ತೇ ತಂದು, ಬಾಗಿಲು ತೆಗೆದು, ಒಳಗೆ ನಿಮ್ಮ ಹಳೇ ಸೀರೆ ಹಾಸಿ ಅವು ಮಲಗುವ ಮೂಲೆಯಲ್ಲಿ ಇಟ್ಟುಬಿಡಿ. ಒಣಮೀನಿನ ಚೂರು ಅದರೊಳಗೇ ಹಾಕಿ. ವಾರ ಕಳೆಯುವುದರೊಳಗೆ ತಾವಾಗಿಯೇ ಹೋಗಿ ಮಲಗತೊಡಗಬಹುದು. ಆಮೇಲೆ ಬಾಗಿಲು ಹಾಕಿ ಕಾರಿನಲ್ಲಿ ಒಂದೆರಡು ಸುತ್ತು ಹೋಗಿ ಬನ್ನಿ.

ಇನ್ನೊಂದು ಕೆಲಸವನ್ನೂ ಈಗಲೇ ಶುರು ಮಾಡಿ. ಹೊರಗೆ ಮಣ್ಣು ಕೆದರಿ ಹೋಗಿ ಅಭ್ಯಾಸವಾದ ಬೆಕ್ಕಿಗೆ ಅಂಗಡಿಯ ಲಿಟರ್ (ಮನೆಯೊಳಗೆ ಬೆಕ್ಕಿನ ಉಚ್ಚೆ, ಕಕ್ಕಸಿಗೆ ಟ್ರೇಯಲ್ಲಿ ಹಾಕುವ ಹರಳು) ಏನಂತ ಗೊತ್ತಾಗುವುದಿಲ್ಲ. ಅಗಲದ ಟ್ರೇಯಲ್ಲಿ ತೋಟದ ಮಣ್ಣು ಹಾಕಿ ಹಿತ್ತಲ ಬಾಗಿಲ ಹತ್ತಿರ ಇಡಿ. ನಿಧಾನಕ್ಕೆ ಲಿಟರ್ ಬೆರೆಸುತ್ತಾ ಬನ್ನಿ. ಒಂದು ಚೀಲ ಮಣ್ಣು ಪುಣೆಗೂ ಹೋಗಲಿ.

ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಡಾಕ್ಟರಿಗೆ ತೋರಿಸಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ರೇಬೀಸ್ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿ, ಲಸಿಕೆಯ ಪುಸ್ತಕ ಕಾರಿನಲ್ಲಿ ಕೈಗೆ ಸಿಗುವಂತೆ ಇರಲಿ. ಉಣುಗು ಇದೆಯಾ ಅಂತ ಕಿವಿಯ ಬುಡ, ಕತ್ತು, ಬೆರಳ ಸಂದು ಎಲ್ಲಾ ನೋಡಿಸಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, ಹಾಗಾಗಿ ಉಣುಗಿನ ವಿಷಯ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಮಾತು ನೆನಪಿಡಿ. ಕೊಟ್ಟಿಗೆಯಲ್ಲಿರುವ ದನದ ಉಣುಗಿನ ಔಷಧಿಯನ್ನಾಗಲಿ, ನಾಯಿಯ ಕತ್ತಿಗೆ ಬಿಡುವ ಪರ್ಮೆಥ್ರಿನ್ ಇರುವ ಔಷಧಿಯನ್ನಾಗಲಿ ಬೆಕ್ಕಿಗೆ ಹಚ್ಚಬೇಡಿ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸುವ ಶಕ್ತಿ ಇಲ್ಲ. ನಡುಕ ಬಂದು, ಫಿಟ್ಸ್ ಬಂದು ಸತ್ತೇ ಹೋಗಬಹುದು. ಪ್ಯಾರಾಸಿಟಮಾಲ್ ಕೂಡ ಹಾಗೆಯೇ, ಒಂದು ಮಾತ್ರೆ ಸಾಕು ಬೆಕ್ಕಿನ ಜೀವ ತೆಗೆಯಲು.

ನಿದ್ದೆ ಮಾತ್ರೆ ಕೊಡಬಹುದಾ ಅಂತ ಕೇಳಿದ್ದೀರಿ. ನೀವಾಗಿಯೇ ಏನನ್ನೂ ಕೊಡಬೇಡಿ. ತುಂಬಾ ಹೆದರುವ ಬೆಕ್ಕಿಗೆ ಡಾಕ್ಟರು ಗಬಾಪೆಂಟಿನ್ ಎಂಬ, ಹೆದರಿಕೆ ತಗ್ಗಿಸುವ ಔಷಧಿ ಬರೆದುಕೊಡುವುದುಂಟು, ತೂಕ ನೋಡಿ ಡೋಸ್ ಹೇಳುತ್ತಾರೆ, ಹೊರಡುವ ಒಂದೆರಡು ಗಂಟೆ ಮೊದಲು ಕೊಡಬೇಕು. ಕೊಡುವುದಾದರೆ ಮನೆಯಲ್ಲೇ ಒಂದು ದಿನ ಮೊದಲು ಕೊಟ್ಟು ನೋಡಿ. ತೂರಾಡುತ್ತದಾ, ವಾಂತಿ ಮಾಡುತ್ತದಾ ಅಂತ ಅಲ್ಲೇ ಗೊತ್ತಾಗಲಿ.

ಪ್ರಯಾಣದ ದಿನ ಬೆಳಗಿನ ಜಾವ ನಾಲ್ಕಕ್ಕೇ ಹೊರಡಿ. ಮೇ ತಿಂಗಳ ಬಿಸಿಲು ಹಾವೇರಿ, ಹುಬ್ಬಳ್ಳಿ ಕಡೆ ಮಲೆನಾಡಿನ ಹಾಗಿರುವುದಿಲ್ಲ. ಹೊರಡುವ ಮೊದಲಿನ ನಾಲ್ಕು ಗಂಟೆ ಊಟ ಬೇಡ, ನೀರು ಇರಲಿ. ಮಂಡಗದ್ದೆ, ಸಕ್ರೆಬೈಲು ದಾಟುವವರೆಗೆ ತಿರುವು ಜಾಸ್ತಿ, ಜೊಲ್ಲು, ವಾಂತಿ, ಕೂಗಾಟ ಎಲ್ಲಾ ಅಲ್ಲೇ. ನಿಧಾನ ಓಡಿಸಿ. ಹೊನ್ನಾಳಿ ದಾಟಿ ಹರಿಹರದ ಹತ್ತಿರ ಹೈವೇ ಹಿಡಿದ ಮೇಲೆ ಹೆಚ್ಚಿನ ಬೆಕ್ಕುಗಳು ಸುಮ್ಮನಾಗುತ್ತವೆ. ಕ್ಯಾರಿಯರನ್ನು ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಅಲುಗದಂತೆ ಇಡಿ. ಡಿಕ್ಕಿಯಲ್ಲೂ ಬೇಡ, ತೊಡೆಯ ಮೇಲೂ ಬೇಡ. ಸಾಮಾನಿನ ಲಾರಿಯಲ್ಲಂತೂ ಕಳಿಸಲೇಬೇಡಿ. ತೆಳ್ಳನೆ ಬಟ್ಟೆ ಹೊದಿಸಿ, ಗಾಳಿಗೆ ಒಂದು ಬದಿ ತೆರೆದಿಡಿ.

ಪಾಪ, ಎಷ್ಟು ಕೂಗುತ್ತದೆ ಅಂತ ಕಾರಿನೊಳಗೆ ಬಿಡಬೇಡಿ. ಬ್ರೇಕಿನ ಕೆಳಗೆ ನುಗ್ಗುತ್ತದೆ, ಟೋಲ್‌ನಲ್ಲಿ ಗಾಜು ಇಳಿಸಿದರೆ ಹಾರುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ, ಎಲ್ಲಾ ಗಾಜು ಏರಿಸಿ, ಆಮೇಲೆ ನೀರು ಕೊಡಿ. ಪುಟ್ಟಿ ಬಟ್ಟಲು ಮೂಸಲೂ ಇಲ್ಲ. ಬೆರಳು ಅದ್ದಿ ಜಾಲರಿಯ ಸಂದಿನಲ್ಲಿ ಹಿಡಿದರೆ, ಒಂದೊಂದೇ ಹನಿ ನೆಕ್ಕಿದಳು. ದಿನವಿಡೀ ಉಚ್ಚೆ ಮಾಡದೆ ಇದ್ದರೂ ಗಾಬರಿ ಬೇಡ. ಬಾಯಿ ತೆರೆದು ಏದುಸಿರು ಬಿಟ್ಟರೆ ಮಾತ್ರ ತಕ್ಷಣ ಎಸಿ ಜಾಸ್ತಿ ಮಾಡಿ, ನಿಲ್ಲಿಸಿ ನೋಡಿ. ಊಟಕ್ಕೆ ಇಳಿದಾಗ ಒಬ್ಬರು ಎಸಿ ಹಾಕಿಕೊಂಡು ಕಾರಿನಲ್ಲೇ ಇರಬೇಕು. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 10 ಡಿಗ್ರಿಯಷ್ಟು ಬಿಸಿ ಏರುತ್ತದೆ.

ಪುಣೆ ತಲುಪಿದ ಮೇಲೆ ಇಡೀ ಫ್ಲ್ಯಾಟ್ ತೋರಿಸಬೇಡಿ. ಒಂದು ರೂಮು, ಅದರಲ್ಲಿ ಟ್ರೇ, ನೀರು, ಆ ಹಳೇ ಸೀರೆ, ಬಾಗಿಲು ತೆರೆದ ಕ್ಯಾರಿಯರ್, ಅಷ್ಟೇ. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ. ಅದರ ಕೆನ್ನೆಗೆ ಒಂದು ಬಟ್ಟೆ ಉಜ್ಜಿ, ಆ ಬಟ್ಟೆಯನ್ನು ಗೋಡೆಯ ಮೂಲೆ, ಮಂಚದ ಕಾಲಿಗೆ ಸವರಿ, ತನ್ನದೇ ವಾಸನೆ ಸಿಕ್ಕರೆ ಧೈರ್ಯ ಬರುತ್ತದೆ. ಬಾಲ್ಕನಿ, ಕಿಟಕಿಗೆ ಬಲೆ ಹಾಕಿಸುವ ಕೆಲಸ ನೀವು ಹೋಗುವ ಮೊದಲೇ ಮುಗಿದಿರಲಿ. ಮರ ಹತ್ತಿ ಅಭ್ಯಾಸವಾದ ಬೆಕ್ಕು ಪಾರಿವಾಳ ಕಂಡರೆ ಮೂರನೇ ಮಹಡಿ ಅಂತ ನೋಡುವುದಿಲ್ಲ.

ಮೊದಲ ದಿನ ಊಟ ಬಿಡುವುದು ಸಹಜ. ಎರಡು ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ, ಉಪವಾಸ ಬಿದ್ದ ಬೆಕ್ಕಿನ ಲಿವರ್ ಬೇಗ ಕೆಡುತ್ತದೆ. ಗಂಡು ಬೆಕ್ಕು ಟ್ರೇಗೆ ಹೋಗಿ ಹೋಗಿ ಮುಕ್ಕಿದರೂ ಉಚ್ಚೆ ಬರದಿದ್ದರೆ ಬೆಳಗಾಗುವವರೆಗೂ ಕಾಯಬೇಡಿ, ಅದು ತುರ್ತು. ಅಲ್ಲಿ ರಾತ್ರಿಯೂ ತೆರೆದಿರುವ ಪ್ರಾಣಿಗಳ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ, ನಂಬರ್ ಫೋನಿನಲ್ಲಿ ಹಾಕಿಕೊಳ್ಳಿ.