ಪೆಟ್ಟು ಎಂದರೆ ಯಾವ ಪೆಟ್ಟು?

ನನ್ನ ಸೋದರತ್ತೆಯ ಅಪಘಾತದ ಕೇಸಿನ ಬಗ್ಗೆ ನೀನು ಕೇಳಿದ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. "ಅಷ್ಟು ವರ್ಷ ಕೇರಳದಲ್ಲಿದ್ದೂ ಮಲಯಾಳ ಬರುವುದಿಲ್ಲವೇ? ಅದು ಕಷ್ಟವಾದರೆ ಮಂಗಳೂರಿನಲ್ಲೇ ಕೇಸು ಹಾಕಬಾರದೇ?" ಬೆಂಗಳೂರಿನಲ್ಲಿ ಕುಳಿತರೆ ಎಲ್ಲವೂ ಸಲೀಸು ಮಾರಾಯ.

ಅತ್ತೆ ಹುಟ್ಟಿದಾಗ ಕಾಸರಗೋಡಿನ ನಮ್ಮೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. 1956ರ ನವೆಂಬರಿನಲ್ಲಿ ಅದು ಕೇರಳವಾಯಿತು. ಅತ್ತೆ ಮನೆ ಬದಲಿಸಲಿಲ್ಲ. ಓದಿದ್ದು ಕನ್ನಡ ಶಾಲೆ, ಅಂಗಡಿಯಲ್ಲಿ ತುಳು, ಮನೆಯಲ್ಲಿ ಹವ್ಯಕ ಕನ್ನಡ. ಮಲಯಾಳ ಕೇಳಿದರೆ ಅರ್ಧ ಗೊತ್ತಾಗುತ್ತದೆ. ಆ ಅರ್ಧವೇ ಮುಳುವಾಯಿತು.

ಸೊಸೈಟಿಗೆ ಹಾಲು ಕೊಟ್ಟು, ಖಾಲಿ ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದರು. ಆಚೆ ಅಂಚು ಮುಟ್ಟಲು ಎರಡು ಹೆಜ್ಜೆ ಇದ್ದಾಗ ಪಿಕಪ್ ಒಂದು ಬಂದು ಗುದ್ದಿತು. ತೊಡೆಯ ಮೂಳೆ ಮುರಿಯಿತು. ಮಂಗಳೂರಿಗೆ ಒಯ್ದೆವು, ಇನ್ನೆಲ್ಲಿಗೆ? 2020ರಲ್ಲಿ ಕೊರೊನಾ ಎಂದು ಕರ್ನಾಟಕದವರು ಗಡಿಗೆ ಮಣ್ಣು ಸುರಿದು ದಾರಿ ಮುಚ್ಚಿದಾಗಲೇ ಅಲ್ಲವೇ, ನಮ್ಮ ಆಸ್ಪತ್ರೆಗಳೆಲ್ಲ ಆಚೆ ಇವೆಯೆಂದು ನಿಮಗೆಲ್ಲ ತಿಳಿದದ್ದು.

ಎಫ್‌ಐಆರ್‌ಗೆ ಹೇಳಿಕೆ ಪಡೆಯಲು ಕೇರಳದ ಪೊಲೀಸರು ಆಸ್ಪತ್ರೆಗೇ ಬಂದರು. ಅತ್ತೆ ಹೇಳಿದ್ದು ಕನ್ನಡದಲ್ಲಿ, ಅವರು ಬರೆದದ್ದು ಮಲಯಾಳದಲ್ಲಿ. ಬರೆದುಕೊಂಡದ್ದನ್ನು ಓದಿ ಹೇಳಬೇಕು ಎನ್ನುತ್ತದೆ ಕಾನೂನು. ಓದಿದರು ಕೂಡ, ಬರೆದ ಭಾಷೆಯಲ್ಲೇ. ನಡುವೆ "ಪೆಟ್ಟೆನ್ನ್" ಎಂಬ ಶಬ್ದ ಬಂತು. ಪೆಟ್ಟಾದದ್ದನ್ನು ಬರೆದಿದ್ದಾರೆ ಎಂದುಕೊಂಡ ಅತ್ತೆ "ಹೌದು, ಹೌದು, ಜೋರು ಪೆಟ್ಟು" ಎಂದು ತಲೆಯಾಡಿಸಿ, ಕೆಳಗೆ ಚಂದಕ್ಕೆ ಕನ್ನಡದಲ್ಲಿ ರುಜು ಹಾಕಿದರು. ಮಲಯಾಳದ ಪೆಟ್ಟೆನ್ನ್ ಎಂದರೆ ಹಠಾತ್ತನೆ. ಅತ್ತೆ ಹಠಾತ್ತನೆ ರಸ್ತೆಗೆ ಇಳಿದರು ಎಂದು ಅವರ ಬಾಯಿಂದಲೇ ಬಂದಂತಾಯಿತು.

ಬಾವಿಕಟ್ಟೆಗೆ ಹೋಗಲು ಹತ್ತು ನಿಮಿಷ ಬೇಕಾದವರು ಹಠಾತ್ತನೆ ನುಗ್ಗಿದರಂತೆ!

ಒಂದು ಶಬ್ದ ತಾನೇ ಎನ್ನಬೇಡ. ನಡೆಯುವವನದೂ ತಪ್ಪಿದೆ ಎಂದು ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಕಂಡರೆ, ಆ ತಪ್ಪಿನ ಪಾಲಿನಷ್ಟು ಪರಿಹಾರದಲ್ಲಿ ಕಡಿತವಾಗುತ್ತದೆ. ಪಿಕಪ್ಪಿನ ವಿಮಾ ಕಂಪನಿಯ ವಕೀಲರು ಹಿಡಿದುಕೊಂಡದ್ದು ಆ ಶಬ್ದವನ್ನೇ. ಪಿಕಪ್ಪಿನ ವೇಗ, ಬ್ರೇಕಿನ ಗುರುತು ಎಲ್ಲ ಹಿಂದೆ ಸರಿದವು.

ಇನ್ನು ಮಂಗಳೂರಿನಲ್ಲಿ ಕೇಸು ಹಾಕುವ ನಿನ್ನ ಉಪಾಯ. ಅಪಘಾತ ನಡೆದಲ್ಲಿ, ಗಾಯಾಳು ಇರುವಲ್ಲಿ ಅಥವಾ ಎದುರಾಳಿ ಇರುವಲ್ಲಿ ಅರ್ಜಿ ಹಾಕಬಹುದು. ಅತ್ತೆ ಇಲ್ಲಿ, ರಸ್ತೆ ಇಲ್ಲಿ, ಪಿಕಪ್ಪಿನವನೂ ಇಲ್ಲಿಯವನು. ಆಸ್ಪತ್ರೆ ಮಂಗಳೂರಿನದ್ದು ಎಂಬುದು ಲೆಕ್ಕಕ್ಕೆ ಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. ಅದರ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ಎದ್ದಿದ್ದರೂ ನಮ್ಮ ವಕೀಲರು ಅದನ್ನು ನಂಬಿ ಕೂರಲಿಲ್ಲ, ಕಾಸರಗೋಡಿನಲ್ಲಿ ಹಾಕಿಯೇ ಬಿಟ್ಟರು. ಗುದ್ದಿದವನು ನಿಲ್ಲದೆ ಓಡಿ, ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ಇಂಥ ಗಾಯಕ್ಕೆ ಸರಕಾರದಿಂದ ಸಿಗುವುದು 50,000 ರೂಪಾಯಿ. ಇವನು ನಿಂತ, ಅಷ್ಟು ಪುಣ್ಯ.

ನಮ್ಮ ಕಡತ ನೋಡಿದರೆ ನಿನಗೆ ಮೋಜೆನಿಸೀತು: ಎಫ್‌ಐಆರ್ ಮಲಯಾಳ, ಗಾಯದ ಪ್ರಮಾಣಪತ್ರ ಇಂಗ್ಲಿಷ್, ಆದಾಯ ತೋರಿಸಲು ಇಟ್ಟ ಹಾಲಿನ ಪುಸ್ತಕ ಕನ್ನಡ. ನಾವು ಸರಕಾರಕ್ಕೆ ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರಿಸಬೇಕೆಂದು ಕೇರಳದ 1969ರ ಭಾಷಾ ಕಾಯ್ದೆಯೇ ಹೇಳಿದೆ. ನಾವು ಕೇಳುವುದು ಭಿಕ್ಷೆಯಲ್ಲ. ಆದರೆ ಮೂಳೆ ಮುರಿದು ಮಲಗಿದವರು ಕಾಯ್ದೆ ಹಿಡಿದು ಜಗಳಕ್ಕೆ ನಿಲ್ಲುತ್ತಾರೆಯೇ?

ಮುಂದಿನ ವಾಯಿದೆಗೆ ಅತ್ತೆ ಸಾಕ್ಷಿ ಹೇಳಬೇಕು. ಮೊನ್ನೆ ವಾಕರ್ ಹಿಡಿದು ಜಗಲಿಗೆ ಬಂದವರು, ತಾನು ನಡೆದ ರೀತಿಗೆ ಮಲಯಾಳದಲ್ಲಿ ಏನೆನ್ನಬೇಕೆಂದು ಕೇಳಿದರು. "ಮೆಲ್ಲೆ" ಎಂದೆ.

"ಮೆಲ್ಲೆಯೋ? ನಾನು ಆ ದಿನ ಅವರಿಗೆ ಹೇಳಿದ್ದೂ ಮೆಲ್ಲನೆ ದಾಟಿದೆನೆಂದೇ ಅಲ್ಲವೇ" ಎಂದರು ಅತ್ತೆ.