ಟಿವಿಯಲ್ಲಿ ತೋರಿಸುವ ಹರಿಕೇನ್ ಕೋನ್ ಎಷ್ಟು ನಂಬಬಹುದು? ಅಣ್ಣ ಟ್ಯಾಂಪಾದಲ್ಲಿದ್ದಾನೆ

ಅಣ್ಣನ ಊರು ಕೋನಿನ ಅಂಚಿನಲ್ಲಿದೆ, ನಡುವಿನ ಗೆರೆ ದೂರದಲ್ಲಿದೆ, ಹಾಗಾದರೆ ಭಯ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ನಾನು ಎಂಟು ವರ್ಷದಿಂದ ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿದ್ದೇನೆ. ಹವಾಮಾನ ತಜ್ಞನೇನಲ್ಲ. ಆದರೆ ಆ ಗೆರೆಯನ್ನು ನಂಬಿ ಒಮ್ಮೆ ಚೆನ್ನಾಗಿ ಬೇಸ್ತು ಬಿದ್ದಿದ್ದೇನೆ.

ಕೋನ್ ಅಂದರೆ ಚಂಡಮಾರುತ (ಹರಿಕೇನ್) ಮುಂದೆ ಯಾವ ದಾರಿಯಲ್ಲಿ ಹೋಗಬಹುದು ಅಂತ ನಕ್ಷೆಯ ಮೇಲೆ ತೋರಿಸುವ, ಹೋಗ್ತಾ ಹೋಗ್ತಾ ಅಗಲವಾಗುವ ಬಿಳಿ ಚಿತ್ರ. ಅದನ್ನು ನಮ್ಮಮ್ಮ ಸೋರೆಕಾಯಿ ಅಂತಾರೆ. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನವರು ಅದನ್ನು ಬಿಡಿಸುವುದು ತಮ್ಮದೇ ಹಳೇ ತಪ್ಪುಗಳ ಲೆಕ್ಕ ಹಿಡಿದು. ಹಿಂದಿನ ಐದು ವರ್ಷ ಮುನ್ಸೂಚನೆ ಎಷ್ಟೆಷ್ಟು ದೂರ ತಪ್ಪಿತ್ತು ಅಂತ ನೋಡಿ, ಮೂರರಲ್ಲಿ ಎರಡು ಸಲ ಚಂಡಮಾರುತದ ಕೇಂದ್ರ ಒಳಗೇ ಇರುವಷ್ಟು ಅಗಲ ಇಡುತ್ತಾರೆ. ಉಳಿದ ಒಂದು ಸಲ ಹೊರಗೂ ಹೋಗಬಹುದು! ಅದೂ ಬರೀ ಕೇಂದ್ರದ ಮಾತು. ಗಾಳಿ, ಮಳೆ, ಸಮುದ್ರದ ನೀರು ಎಲ್ಲಿಯವರೆಗೆ ಬರುತ್ತೆ ಅನ್ನೋದನ್ನು ಸೋರೆಕಾಯಿ ಹೇಳುವುದೇ ಇಲ್ಲ.

ಬೇಸ್ತು ಬಿದ್ದ ಕಥೆ ಹೇಳ್ತೀನಿ. 2022ರ ಸೆಪ್ಟೆಂಬರ್ 26. ಇಯಾನ್ ಅನ್ನೋ ಚಂಡಮಾರುತ ಬರ್ತಿತ್ತು. ಗೆರೆ ನಮ್ಮ ಟ್ಯಾಂಪಾ ಕೊಲ್ಲಿಯ ಹತ್ತಿರವೇ ಇತ್ತು. ಹೆಂಡತಿ, ಮಗು, ಕುಕ್ಕರ್ ಎಲ್ಲಾ ಕಾರಿಗೆ ಹಾಕಿಕೊಂಡು ಆರ್ಲಾಂಡೋಗೆ ಹೋಗಿ ಹೋಟೆಲಲ್ಲಿ ಕೂತೆವು. ಮಾರನೇ ದಿನ ಗೆರೆ ದಕ್ಷಿಣಕ್ಕೆ ಜಾರಿತು. 28ರ ಮಧ್ಯಾಹ್ನ ಇಯಾನ್ ದಡ ಮುಟ್ಟಿದ್ದು ಕಾಯೋ ಕೋಸ್ಟಾ ದ್ವೀಪದಲ್ಲಿ, ಟ್ಯಾಂಪಾದಿಂದ ಸುಮಾರು 140 ಕಿಲೋಮೀಟರ್ ಕೆಳಗೆ. ಅಲ್ಲಿಂದ ರಾಜ್ಯವನ್ನು ಓರೆಯಾಗಿ ದಾಟಿಕೊಂಡು ಬಂದು ಆರ್ಲಾಂಡೋ ಸುತ್ತಮುತ್ತ ಮಳೆ ಸುರಿಯಿತು. ಹೋಟೆಲ್ ಮುಂದಿನ ರಸ್ತೆ ಕೆರೆಯಾಯಿತು. ಇತ್ತ ಟ್ಯಾಂಪಾದಲ್ಲಿ ಗಾಳಿ ಕೊಲ್ಲಿಯ ನೀರನ್ನೇ ಆಚೆಗೆ ಎಳೆದುಕೊಂಡು ಹೋಗಿ, ಜನ ಒಣಗಿದ ತಳದ ಮೇಲೆ ಓಡಾಡ್ತಿದ್ದರು. ನಮ್ಮ ಮನೆಯಲ್ಲಿ ಬಿದ್ದದ್ದು ಒಂದು ಕೊಂಬೆ.

ಹಾಗಂತ ಮುನ್ಸೂಚನೆ ಸುಳ್ಳಾಗಿರಲಿಲ್ಲ. ಇಯಾನ್ ಬಂದದ್ದು ಫ್ಲೋರಿಡಾದ ದಡಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿ. ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ಸೈಕಲ್ ಹೊಡೆಯುವಾಗ ಹ್ಯಾಂಡಲ್ ಒಂಚೂರು ತಿರುಗಿದರೆ ಸಾಕು, ಗೋಡೆಗೆ ಗುದ್ದುವ ಜಾಗ ಎಷ್ಟೋ ಮಾರು ಹಿಂದೆ ಮುಂದೆ ಆಗುತ್ತೆ. ಇದೂ ಹಾಗೇ.

ನಿಜ ಹೇಳಬೇಕೆಂದರೆ ದಾರಿಯ ಲೆಕ್ಕದಲ್ಲಿ ಹರಿಕೇನ್ ಸೆಂಟರ್‌ನವರು ತುಂಬಾ ಪಳಗಿದ್ದಾರೆ. ಚಂಡಮಾರುತವನ್ನು ತಳ್ಳುವುದು ಸುತ್ತಲಿನ ದೊಡ್ಡ ಗಾಳಿಗಳು. ಅಟ್ಲಾಂಟಿಕ್ ಮೇಲಿನ ಬರ್ಮುಡಾ ಹೈ (ಗಾಳಿಯ ಒತ್ತಡ ಹೆಚ್ಚಿರುವ ದೊಡ್ಡ ಪ್ರದೇಶ) ಎಷ್ಟು ದೂರ ಚಾಚಿದೆ, ಪಶ್ಚಿಮದಿಂದ ಯಾವ ಗಾಳಿ ಬರ್ತಿದೆ ಅನ್ನೋದು ಕಂಪ್ಯೂಟರ್ ಮಾಡೆಲ್‌ಗಳಿಗೆ ಚೆನ್ನಾಗಿ ಸಿಗುತ್ತೆ. 2012ರಲ್ಲಿ ಸ್ಯಾಂಡಿ ಎಡಕ್ಕೆ ತಿರುಗಿ ಅಮೆರಿಕದ ದಡಕ್ಕೆ ಬರುತ್ತೆ ಅಂತ ಯುರೋಪಿನ ಮಾಡೆಲ್ ಒಂದು ವಾರ ಮೊದಲೇ ತೋರಿಸಿತ್ತು.

ಕಷ್ಟ ಇರುವುದು ಬಲದ ಲೆಕ್ಕದಲ್ಲಿ. ಅದು ತೀರ್ಮಾನವಾಗುವುದು ಕಣ್ಣಿನ, ಅಂದರೆ ಚಂಡಮಾರುತದ ನಡುವಿನ ಶಾಂತ ಜಾಗದ ಸುತ್ತ ಕೆಲವೇ ಮೈಲಿಯೊಳಗೆ. ಬಿಸಿ ನೀರು ಬೇಕು, ಕನಿಷ್ಠ 26.5 ಡಿಗ್ರಿ ಅಂತಾರೆ. ಮೇಲಿನ ಗಾಳಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಎಳೆದರೆ ಕುಸಿಯುತ್ತೆ. ಒಣ ಗಾಳಿ ನುಗ್ಗಿದರೂ ಅಷ್ಟೇ. ನಮ್ಮ ಪಕ್ಕದ ಲೇಕ್‌ಲ್ಯಾಂಡಿನಿಂದ ನೋವಾದ (ಅಮೆರಿಕ ಸರ್ಕಾರದ ಹವಾಮಾನ, ಸಮುದ್ರ ಸಂಸ್ಥೆ) ವಿಮಾನಗಳು ಹಾರಿ ಕಣ್ಣಿನೊಳಗೇ ನುಗ್ಗಿ ಅಳೆದು ಬರ್ತವೆ. (ಆ ಪೈಲಟ್‌ಗಳ ಅಮ್ಮಂದಿರು ಏನಂತಾರೋ!) ಆದರೂ 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಎಲ್ಲರನ್ನೂ ದಂಗುಬಡಿಸಿತು. ಜೋರಾಗುತ್ತೆ ಅಂತ ಹೇಳಿದ್ದರು, ಅಷ್ಟು ಜೋರಾಗುತ್ತೆ ಅಂತ ಅಲ್ಲ. ಒಂದೇ ದಿನದಲ್ಲಿ ಗಾಳಿಯ ವೇಗ ಗಂಟೆಗೆ 90 ಮೈಲಿಯಷ್ಟು ಏರಿ ಕೆಟಗರಿ 5 ಆಯಿತು, ಬಲದ ಅಳತೆಯಲ್ಲಿ ಅದೇ ಕೊನೆಯ ಮೆಟ್ಟಿಲು. ಆಮೇಲೆ ಇಳಿದು ಕೆಟಗರಿ 3 ಆಗಿ ಸಿಯೆಸ್ಟಾ ಕೀ ಹತ್ತಿರ ದಡ ಮುಟ್ಟಿತು.

ಕೆಟಗರಿ ಅಂದರೂ ಬರೀ ಗಾಳಿಯ ಲೆಕ್ಕ, ನೆನಪಿರಲಿ. ಮಿಲ್ಟನ್‌ಗೆ ಎರಡು ವಾರ ಮೊದಲು ಹೆಲೀನ್ ನಮ್ಮಿಂದ 100 ಮೈಲಿಗೂ ಆಚೆ ಸಮುದ್ರದಲ್ಲೇ ಉತ್ತರಕ್ಕೆ ಹೋಯಿತು. ಆದರೆ ಅದು ತಳ್ಳಿಕೊಂಡು ಬಂದ ಸಮುದ್ರದ ನೀರು ಕೊಲ್ಲಿಯಾಚೆಯ ಪಿನೆಲಸ್ ಕೌಂಟಿಯ ಮನೆಗಳಿಗೆ ನುಗ್ಗಿ, ಜನ ಮುಳುಗಿ ಸತ್ತರು. ಗೆರೆ ದೂರ ಇದೆ ಅಂತ ಸುಮ್ನೆ ಕೂರಬಾರದು ಅನ್ನೋದು ಇದಕ್ಕೇ.

ಅಣ್ಣನಿಗೆ ಫೋನ್ ಮಾಡಿದಾಗ ಕೋನ್ ವಿಷಯ ಬಿಡಿ. "ನಿನ್ನ ಮನೆ ಯಾವ ಇವ್ಯಾಕ್ಯುವೇಶನ್ ಝೋನ್?" ಅಂತ ಕೇಳಿ. ಯಾರು ಯಾವಾಗ ಮನೆ ಬಿಟ್ಟು ಹೊರಡಬೇಕು ಅಂತ ಹೇಳಲು ಮಾಡಿದ ವಿಭಾಗಗಳು ಅವು. ಎ ಇಂದ ಇ ವರೆಗೆ ಅಕ್ಷರಗಳಿವೆ, ಎ ಅಂದರೆ ನೀರು ಮೊದಲು ಬರುವ ಜಾಗ. ಇನ್ಶೂರೆನ್ಸ್‌ನವರ ಫ್ಲಡ್ ಝೋನ್ ಬೇರೆ, ಅದನ್ನು ಹೇಳಿದರೆ ಒಪ್ಪಬೇಡಿ. ಅವನ ಅಕ್ಷರಕ್ಕೆ ಆದೇಶ ಬಂದರೆ ಹೊರಡಲೇಬೇಕು. ನೂರಾರು ಮೈಲಿ ಬೇಡ, ಎತ್ತರದ ಜಾಗದಲ್ಲಿರುವ ಗೆಳೆಯರ ಮನೆ ಸಾಕು. ನಮ್ಮದು ಡಿ. ಇಯಾನ್ ಸಮಯದಲ್ಲಿ ನನಗದು ಗೊತ್ತೇ ಇರಲಿಲ್ಲ. ಮಿಲ್ಟನ್‌ಗೆ ಮನೆಯಲ್ಲೇ ಉಳಿದೆವು.

ಹೊಸ ಮುನ್ಸೂಚನೆ ಆರು ಗಂಟೆಗೊಮ್ಮೆ ಬರುತ್ತೆ. ನಿಮ್ಮ ಕಡೆ, ಅಂದರೆ ಭಾರತದ ಸಮಯದಲ್ಲಿ, ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30. ಇನ್ನೊಂದು ನಡುರಾತ್ರಿ 2.30ಕ್ಕೆ, ಅದಕ್ಕೆ ಎದ್ದು ಕೂರಬೇಡಿ. ಚಂಡಮಾರುತ ದಾಟಿದ ಮೇಲೆ ಒಂದೆರಡು ದಿನ ಫೋನ್ ಸಿಗದಿರಬಹುದು. ಮಿಲ್ಟನ್ ಆದಮೇಲೆ ನಮಗೆ ಐದು ದಿನ ಕರೆಂಟ್ ಇರಲಿಲ್ಲ. ನಮ್ಮಮ್ಮ 41 ಸಲ ಫೋನ್ ಮಾಡಿದ್ದರು.